ಪಾರ್ಟಿ ಇಲ್ಲದ ಅಧ್ಯಕ್ಷ: ಜಾನ್ ಟೈಲರ್‌ನ ಮನೆ ಮತ್ತು ಗದ್ದುಗೆ

ಜಾನ್ ಟೈಲರ್ ಅಮೆರಿಕದ ಅಧ್ಯಕ್ಷನಾಗಿದ್ದಾಗ ಅವನಿಗೆ ಬರುತ್ತಿದ್ದ ಕೆಲವು ಕಾಗದಗಳು ಒಡೆಯದೆ ಹಾಗೇ ವಾಪಸ್ ಹೋಗುತ್ತಿದ್ದವು. ವಿಳಾಸ ಸರಿಯಾಗೇ ಇತ್ತು, ಹೆಸರೂ ಸರಿ. ತಕರಾರು ಇದ್ದದ್ದು ಲಕೋಟೆಯ ಮೇಲಿನ ಒಂದೇ ಪದಕ್ಕೆ. ಅದರಲ್ಲಿ 'ಹಂಗಾಮಿ ಅಧ್ಯಕ್ಷರಿಗೆ' ಎಂದು ಬರೆದಿರುತ್ತಿತ್ತು. ಹಂಗಾಮಿ ಅನ್ನುವವನು ಇಲ್ಲಿ ಯಾರೂ ಇಲ್ಲ, ಇರುವುದು ಅಧ್ಯಕ್ಷ ಮಾತ್ರ ಅನ್ನುವುದು ಟೈಲರ್‌ನ ಹಟ. ಈ ಹಟವನ್ನು ಹಿಡಿದು ಹೊರಟರೆ ಅವನ ರಾಜಕೀಯವೂ ಅರ್ಥವಾಗುತ್ತದೆ, ಮನೆಯೂ ಒಂದಷ್ಟು ಅರ್ಥವಾಗುತ್ತದೆ.

ನಮಗೆ 'ಹಂಗಾಮಿ' ಹೊಸ ಪದವಲ್ಲ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ, ಉಪರಾಷ್ಟ್ರಪತಿಯಾಗಿದ್ದ ನಮ್ಮ ಜಮಖಂಡಿ ಕಡೆಯ ಬಿ.ಡಿ. ಜತ್ತಿಯವರು ಜುಲೈವರೆಗೆ ಆ ಜವಾಬ್ದಾರಿ ಹೊತ್ತರು. ಎಲ್ಲರೂ ಅವರನ್ನು ಹಂಗಾಮಿ ರಾಷ್ಟ್ರಪತಿ ಎಂದೇ ಕರೆದರು. ಅದರಲ್ಲಿ ಯಾರಿಗೂ ಅವಮಾನ ಕಾಣಲಿಲ್ಲ, ಯಾಕಂದರೆ ನಮ್ಮ ಸಂವಿಧಾನದ 65ನೇ ವಿಧಿಯಲ್ಲಿ ಹಾಗೇ ಇದೆ: ಹೊಸಬರು ಆಯ್ಕೆಯಾಗುವವರೆಗೆ ಉಪರಾಷ್ಟ್ರಪತಿ ಆ ಕೆಲಸ ನಡೆಸಬೇಕು, ಅಷ್ಟೇ.

ಅಮೆರಿಕದವರು 1787ರಲ್ಲಿ ಬರೆದ ಸಂವಿಧಾನದಲ್ಲಿ ಈ ಸ್ಪಷ್ಟತೆ ಇರಲಿಲ್ಲ. ಅಧ್ಯಕ್ಷ ಸತ್ತರೆ, ರಾಜೀನಾಮೆ ಕೊಟ್ಟರೆ, ಅಥವಾ 'ಹುದ್ದೆಯ ಅಧಿಕಾರ ಮತ್ತು ಕರ್ತವ್ಯ' ನಡೆಸಲಾಗದ ಸ್ಥಿತಿಗೆ ಬಂದರೆ 'ಅದು' ಉಪಾಧ್ಯಕ್ಷನಿಗೆ ಹೋಗುತ್ತದೆ ಎಂದು ಬರೆದಿಟ್ಟರು. ಯಾವುದು 'ಅದು'? ಹುದ್ದೆಯೇ? ಹಾಗಿದ್ದರೆ ಉಪಾಧ್ಯಕ್ಷ ಪೂರ್ತಿ ಅಧ್ಯಕ್ಷನಾಗುತ್ತಾನೆ. ಅಥವಾ ಬರೀ ಅಧಿಕಾರ, ಕರ್ತವ್ಯಗಳೇ? ಹಾಗಿದ್ದರೆ ಅವನು ಯಜಮಾನ ಊರಲ್ಲಿಲ್ಲದಾಗ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವವನು. ಅಧಿಕಾರದಲ್ಲಿದ್ದಾಗ ಯಾವ ಅಧ್ಯಕ್ಷನೂ ಸತ್ತಿರಲಿಲ್ಲವಾದ್ದರಿಂದ 52 ವರ್ಷ ಈ ಪ್ರಶ್ನೆ ಯಾರ ತಲೆಗೂ ಬರಲಿಲ್ಲ.

ಟೈಲರ್ ಹುಟ್ಟಿದ್ದು 1790ರ ಮಾರ್ಚ್ 29ರಂದು, ವರ್ಜೀನಿಯಾದ ಚಾರ್ಲ್ಸ್ ಸಿಟಿ ಕೌಂಟಿಯಲ್ಲಿ. ಗುಲಾಮರನ್ನು ದುಡಿಸಿಕೊಂಡು ಬೆಳೆ ತೆಗೆಯುವ ದೊಡ್ಡ ಜಮೀನಿನ ಮನೆ. ಅಪ್ಪ ನ್ಯಾಯಾಧೀಶ, ಆಮೇಲೆ ವರ್ಜೀನಿಯಾದ ಗವರ್ನರ್, ಥಾಮಸ್ ಜೆಫರ್ಸನ್‌ನ ಸ್ನೇಹಿತ. ತಾಯಿ ತೀರಿಕೊಂಡಾಗ ಹುಡುಗನಿಗೆ 7 ವರ್ಷ. 17ಕ್ಕೆ ವಿಲಿಯಂ ಅಂಡ್ ಮೇರಿ ಕಾಲೇಜು ಮುಗಿಸಿ, 19ಕ್ಕೆ ವಕೀಲನಾಗಿ, 21ಕ್ಕೆ ರಾಜ್ಯದ ಶಾಸನಸಭೆಯಲ್ಲಿ ಕೂತ. ಆಮೇಲೆ ಸಂಸತ್ತಿನ ಕೆಳಮನೆ, ಗವರ್ನರ್ ಹುದ್ದೆ, 1827ರಿಂದ ಮೇಲ್ಮನೆಯಾದ ಸೆನೆಟ್. ಮೆಟ್ಟಿಲು ಒಂದೂ ಬಿಡದೆ ಹತ್ತಿದ ಅನ್ನಬಹುದು.

ಅವನು ಹಿಡಿದುಕೊಂಡಿದ್ದ ಸಿದ್ಧಾಂತ ಒಂದೇ. ಸಂವಿಧಾನದಲ್ಲಿ ಅಕ್ಷರಕ್ಕೆ ಅಕ್ಷರ ಏನಿದೆಯೋ ಅಷ್ಟೇ ಕೇಂದ್ರದ ಅಧಿಕಾರ, ಉಳಿದದ್ದೆಲ್ಲ ರಾಜ್ಯಗಳದ್ದು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆ ಕಾಲದ ದಕ್ಷಿಣದವರ ಬಾಯಲ್ಲಿ 'ರಾಜ್ಯಗಳ ಹಕ್ಕು' ಅಂದರೆ ಬಹುಪಾಲು ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕು. ಇದನ್ನು ಬಿಟ್ಟು ಟೈಲರ್‌ನ ಬಗ್ಗೆ ಬರೆದರೆ ಅರ್ಧ ಕಥೆ ಹೇಳಿದಂತೆ. 1827ರಲ್ಲಿ ಸೆನೆಟ್‌ಗೆ ಆಯ್ಕೆಯಾದಾಗ ವಾಷಿಂಗ್ಟನ್ನಿಗೆ ಹೋಗಿ ನೆಲೆಸಲು ಕೈಯಲ್ಲಿ ಕಾಸಿರಲಿಲ್ಲ. ಮನೆಗೆಲಸದಲ್ಲಿದ್ದ ಆನ್ ಎಲಿಜಾ ಎಂಬ ಗುಲಾಮ ಹೆಣ್ಣನ್ನು ಮಾರಿ ಹಣ ಹೊಂದಿಸಲು ಮುಂದಾದ. ಸಿದ್ಧಾಂತ ನಿಂತಿದ್ದ ನೆಲ ಅದು.

ಹಟದ ಮೊದಲ ಝಲಕ್ ಕಂಡಿದ್ದು 1833ರಲ್ಲಿ. ಕೇಂದ್ರದ ಸುಂಕ ಕಾನೂನನ್ನು ಒಪ್ಪುವುದಿಲ್ಲ ಎಂದ ಸೌತ್ ಕೆರೊಲಿನಾವನ್ನು ಬಲಪ್ರಯೋಗದಿಂದ ಬಗ್ಗಿಸಲು ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅಧಿಕಾರ ಕೇಳಿದ. ಸೆನೆಟ್‌ನಲ್ಲಿ ಮತಕ್ಕೆ ಹಾಕಿದಾಗ ವಿರೋಧಿಗಳು ಎದ್ದು ಹೊರಗೆ ಹೋದರು. ಟೈಲರ್ ಒಬ್ಬ ಮಾತ್ರ ಕೂತಿದ್ದು ವಿರುದ್ಧ ಮತ ಹಾಕಿದ. 32ಕ್ಕೆ 1. ಮೂರು ವರ್ಷದ ನಂತರ ಜಾಕ್ಸನ್ ಮೇಲೆ ಸೆನೆಟ್ ಹಾಕಿದ್ದ ಛೀಮಾರಿಯನ್ನು ಕಡತದಿಂದ ಅಳಿಸಲು ಮತ ಹಾಕು ಎಂದು ವರ್ಜೀನಿಯಾದ ಶಾಸನಸಭೆ ಹೇಳಿದಾಗ, ಮತ ಹಾಕುವ ಬದಲು ಸೆನೆಟ್ ಸ್ಥಾನಕ್ಕೇ ರಾಜೀನಾಮೆ ಕೊಟ್ಟು ಮನೆಗೆ ಹೋದ.

ಜಾಕ್ಸನ್‌ನ ಜೊತೆ ಹೀಗೆ ಕೆಟ್ಟುಕೊಂಡವನು ಹೋಗಿ ಸೇರಿದ್ದು ವಿಗ್ ಪಕ್ಷವನ್ನು. ಅದನ್ನು ಪಕ್ಷ ಅನ್ನುವುದಕ್ಕಿಂತ ಜಾಕ್ಸನ್ ಕಂಡರೆ ಆಗದವರ ಕೂಟ ಅನ್ನುವುದು ಹತ್ತಿರ. ಅದರ ನಿಜವಾದ ನಾಯಕ ಹೆನ್ರಿ ಕ್ಲೇಗೆ ಬೇಕಿದ್ದದ್ದು ಬಲವಾದ ಕೇಂದ್ರ, ರಾಷ್ಟ್ರೀಯ ಬ್ಯಾಂಕು, ಕೇಂದ್ರದ ದುಡ್ಡಲ್ಲಿ ರಸ್ತೆ ಮತ್ತು ಕಾಲುವೆ. ಟೈಲರ್‌ಗೆ ಇದರಲ್ಲಿ ಯಾವುದೂ ಬೇಕಿರಲಿಲ್ಲ. ಆದರೂ 1840ರಲ್ಲಿ ದಕ್ಷಿಣದ ಮತ ಬರಲಿ ಎಂದು ಅವನನ್ನು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದರು. ಅಧ್ಯಕ್ಷ ಸ್ಥಾನಕ್ಕೆ ನಿಂತವನು ವಿಲಿಯಂ ಹೆನ್ರಿ ಹ್ಯಾರಿಸನ್, ಹಳೇ ಸೇನಾನಿ, ಟಿಪ್ಪೆಕೆನೂ ಕಾಳಗದಿಂದ ಹೆಸರು ಮಾಡಿದವನು. 'ಟಿಪ್ಪೆಕೆನೂ, ಜೊತೆಗೆ ಟೈಲರ್' ಎಂದು ಪ್ರಾಸ ಕಟ್ಟಿ ಊರೂರಿಗೆ ಮೆರವಣಿಗೆ ಹೋದರು, ಸೇಬಿನ ಹೆಂಡ ಹಂಚಿದರು, ಪ್ರಣಾಳಿಕೆ ಅಂತ ಒಂದನ್ನೂ ಬರೆಯಲಿಲ್ಲ. ರಾಜ್ಯಗಳ ಪರವಾಗಿ ಅಧ್ಯಕ್ಷನನ್ನು ಆರಿಸುವ ಪ್ರತಿನಿಧಿಗಳ ಮತದಲ್ಲಿ 234ಕ್ಕೆ 60ರಿಂದ ಗೆದ್ದರು. ಜೊತೆಯಲ್ಲಿರುವವನು ಏನು ನಂಬುತ್ತಾನೆ ಎಂದು ಯಾರೂ ಕೇಳಲಿಲ್ಲ. ಉಪಾಧ್ಯಕ್ಷನ ನಂಬಿಕೆ ಕಟ್ಟಿಕೊಂಡು ಯಾರಿಗೆ ಏನಾಗಬೇಕು?

68 ವರ್ಷದ ಹ್ಯಾರಿಸನ್ 1841ರ ಮಾರ್ಚ್ 4ರಂದು ಚಳಿಯಲ್ಲಿ ನಿಂತು ಎರಡು ಗಂಟೆಯಷ್ಟು ಭಾಷಣ ಮಾಡಿದ. ಏಪ್ರಿಲ್ 4ಕ್ಕೆ ತೀರಿಕೊಂಡ. ಒಟ್ಟು 31 ದಿನ ಅಧಿಕಾರ. ಟೈಲರ್ ಆಗ ವಾಷಿಂಗ್ಟನ್ನಿನಲ್ಲೇ ಇರಲಿಲ್ಲ, ಉಪಾಧ್ಯಕ್ಷನಿಗೆ ಅಲ್ಲಿ ಮಾಡಲು ಕೆಲಸವೂ ಇರಲಿಲ್ಲ, ವಿಲಿಯಮ್ಸ್‌ಬರ್ಗ್‌ನ ತನ್ನ ಮನೆಯಲ್ಲಿದ್ದ. ತಂತಿ ಇನ್ನೂ ಬಂದಿರದ ಕಾಲ. ವಿದೇಶಾಂಗ ಕಾರ್ಯದರ್ಶಿ ಡೇನಿಯಲ್ ವೆಬ್‌ಸ್ಟರ್‌ನ ಮಗನೇ ಸುದ್ದಿ ಹೊತ್ತು ಏಪ್ರಿಲ್ 5ರ ಬೆಳಗಿನ ಜಾವ ಬಂದು ಬಾಗಿಲು ಬಡಿದ. ಮಾರನೇ ದಿನ ಬೆಳಕು ಹರಿಯುವ ಮೊದಲೇ ಟೈಲರ್ ರಾಜಧಾನಿ ಸೇರಿದ್ದ.

ಆ ದಿನ ಒಂದು ಹೋಟೆಲಿನಲ್ಲಿ, ನ್ಯಾಯಾಧೀಶ ವಿಲಿಯಂ ಕ್ರಾಂಚ್‌ನ ಮುಂದೆ ಅವನು ಅಧ್ಯಕ್ಷನ ಪ್ರಮಾಣವಚನ ತೆಗೆದುಕೊಂಡ. ಇದು ಜಾಣ ನಡೆ. ನನ್ನ ಪ್ರಕಾರ ಉಪಾಧ್ಯಕ್ಷನಾಗಿ ತೆಗೆದುಕೊಂಡ ಪ್ರಮಾಣವೇ ಸಾಕು, ಆದರೆ ಆಮೇಲೆ ಯಾರಿಗೂ ಅನುಮಾನ ಬರಬಾರದು ಎಂದು ಇನ್ನೊಮ್ಮೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಬರೆಸಿಯೂ ಇಟ್ಟ. ಮೂರು ದಿನದ ನಂತರ ದೇಶಕ್ಕೊಂದು ಭಾಷಣದ ಪ್ರತಿ ಹೊರಡಿಸಿದ, ವಾರದೊಳಗೆ ಶ್ವೇತಭವನದಲ್ಲಿ ವಾಸಕ್ಕೆ ಬಂದ. 51 ವರ್ಷ, ಅಲ್ಲಿಯವರೆಗಿನ ಅಧ್ಯಕ್ಷರಲ್ಲೇ ಕಿರಿಯ. ವಿರೋಧಿಗಳು 'ಆಕಸ್ಮಿಕ ಪ್ರಭು' ಎಂಬ ಅರ್ಥದ ಅಡ್ಡಹೆಸರಿಟ್ಟು ಆಡಿಕೊಂಡರು. ಆದರೆ ಜೂನ್ 1ರ ಹೊತ್ತಿಗೆ ಸಂಸತ್ತಿನ ಎರಡೂ ಮನೆಗಳು ಅವನನ್ನು ಅಧ್ಯಕ್ಷ ಎಂದೇ ಸಂಬೋಧಿಸಲು ಒಪ್ಪಿದವು. ಮುಂದೆ ಫಿಲ್ಮೋರ್, ಆಂಡ್ರ್ಯೂ ಜಾನ್ಸನ್, ಆರ್ಥರ್, ಥಿಯೊಡೋರ್ ರೂಸ್‌ವೆಲ್ಟ್, ಕೂಲಿಜ್, ಟ್ರೂಮನ್, ಲಿಂಡನ್ ಜಾನ್ಸನ್, ಹೀಗೆ ಏಳು ಉಪಾಧ್ಯಕ್ಷರು ಟೈಲರ್ ತುಳಿದ ದಾರಿಯಲ್ಲೇ ಅಧ್ಯಕ್ಷರಾದರು. ಅದು ಕಾನೂನಿನ ಪುಸ್ತಕಕ್ಕೆ ಸೇರಿದ್ದು 1967ರಲ್ಲಿ, 25ನೇ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ 126 ವರ್ಷ ಒಬ್ಬ ಮನುಷ್ಯನ ಹಟದ ಮೇಲೆ ವ್ಯವಸ್ಥೆ ನಡೆಯಿತು.

ಈಗ ಬ್ಯಾಂಕಿನ ವಿಷಯ. ಜಾಕ್ಸನ್ ಹಿಂದಿನ ರಾಷ್ಟ್ರೀಯ ಬ್ಯಾಂಕನ್ನು ಮುಗಿಸಿ ಹಾಕಿದ್ದ. 1837ರಲ್ಲಿ ಆರ್ಥಿಕ ಕುಸಿತ ಬಂದು ಜನ ಕಂಗೆಟ್ಟಿದ್ದರು. ಹೊಸ ಬ್ಯಾಂಕ್ ಕಟ್ಟುವುದು ಕ್ಲೇಯ ಮೊದಲ ಕಾರ್ಯಕ್ರಮ. ಸಂಸತ್ತಿನಲ್ಲಿ ಬಹುಮತ ಇದೆ, ಮಸೂದೆ ಪಾಸಾಯಿತು. ಟೈಲರ್ ಆಗಸ್ಟ್ 16ರಂದು ವೀಟೊ ಹಾಕಿದ. ರಾಜ್ಯದ ಒಪ್ಪಿಗೆ ಇಲ್ಲದೆ ಕೇಂದ್ರ ಅಲ್ಲಿ ಬ್ಯಾಂಕ್ ಶಾಖೆ ತೆರೆಯಲು ಸಂವಿಧಾನದಲ್ಲಿ ಎಲ್ಲಿ ಬರೆದಿದೆ ಅನ್ನುವುದು ಅವನ ಪ್ರಶ್ನೆ. ಕುಡಿದ ಗುಂಪೊಂದು ರಾತ್ರಿ ಶ್ವೇತಭವನದ ಮುಂದೆ ಬಂದು ಗಲಾಟೆ ಮಾಡಿತು, ಅವನ ಪ್ರತಿಕೃತಿ ಸುಟ್ಟಿತು. ವಿಗ್‌ಗಳು ಹೆಸರು ಬದಲಿಸಿ, ಒಂದಷ್ಟು ತಿದ್ದಿ ಎರಡನೇ ಮಸೂದೆ ತಂದರು. ಸೆಪ್ಟೆಂಬರ್ 9ರಂದು ಅದಕ್ಕೂ ವೀಟೊ.

ಎರಡು ದಿನದ ನಂತರ ಮಂತ್ರಿಗಳು ಒಬ್ಬರ ಹಿಂದೆ ಒಬ್ಬರು ಬಂದು ರಾಜೀನಾಮೆ ಇಟ್ಟರು. ಉಳಿದವನು ವೆಬ್‌ಸ್ಟರ್ ಒಬ್ಬನೇ. ಬ್ರಿಟನ್ ಜೊತೆ ಮೇನ್ ರಾಜ್ಯದ ಗಡಿ ಮಾತುಕತೆ ಅವನ ಕೈಯಲ್ಲಿತ್ತು, ಅದನ್ನು 1842ರಲ್ಲಿ ಮುಗಿಸಿಯೇ ಆಮೇಲೆ ಹೊರಟ. ಸೆಪ್ಟೆಂಬರ್ 13ರಂದು ವಿಗ್‌ಗಳು ಸಭೆ ಸೇರಿ ಟೈಲರ್‌ನನ್ನು ಪಕ್ಷದಿಂದಲೇ ಹೊರಹಾಕಿದರು. ಕುರ್ಚಿಯಲ್ಲಿ ಕೂತಿರುವ ಅಧ್ಯಕ್ಷನನ್ನು ಅವನ ಪಕ್ಷವೇ ಉಚ್ಚಾಟಿಸಿದ್ದು ಅಮೆರಿಕದಲ್ಲಿ ಅದೇ ಮೊದಲು. ಜಾಕ್ಸನ್‌ನ ಪಕ್ಷದವರಾದ ಡೆಮಾಕ್ರಟರಿಗೂ ಇವನು ಬಿಟ್ಟುಹೋದವನು, ಅವರೂ ಸೇರಿಸಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಅಡಿಗಡಿಗೆ ಜಗಳ. ಸುಂಕದ ಮಸೂದೆಗಳಿಗೂ ವೀಟೊ ಬಿದ್ದಾಗ ಕೆಳಮನೆಯಲ್ಲಿ ಅವನ ಮೇಲೆ ಮಹಾಭಿಯೋಗ ನಡೆಸಬೇಕೆಂಬ ನಿರ್ಣಯ ಬಂತು, 1843ರ ಜನವರಿಯಲ್ಲಿ 127ಕ್ಕೆ 83 ಮತಗಳಿಂದ ಬಿತ್ತು. ಹೆಸರಿಸಿದ ಮಂತ್ರಿಗಳಲ್ಲಿ ನಾಲ್ವರನ್ನು ಸೆನೆಟ್ ತಿರಸ್ಕರಿಸಿತು. ಕೇಲೆಬ್ ಕುಶಿಂಗ್ ಎಂಬವನನ್ನಂತೂ ಒಂದೇ ದಿನದಲ್ಲಿ ಮೂರು ಸಲ ತಿರಸ್ಕರಿಸಿತು. ಟೈಲರ್ ಅದೇ ಹೆಸರು ಮತ್ತೆ ಮತ್ತೆ ಕಳಿಸುತ್ತಿದ್ದ, ಅವರು ಮತ್ತೆ ಮತ್ತೆ ವಾಪಸ್ ಮಾಡುತ್ತಿದ್ದರು. ಅಧಿಕಾರದ ಕೊನೆಯ ಹೊತ್ತಿಗೆ ಸಂಸತ್ತು ಅವನ ಒಂದು ವೀಟೊವನ್ನು ಮೀರಿ ಕಾನೂನು ಮಾಡಿತು. ಅಧ್ಯಕ್ಷನೊಬ್ಬನ ವೀಟೊವನ್ನು ಸಂಸತ್ತು ಹಾಗೆ ಮೀರಿದ್ದು ದೇಶದ ಇತಿಹಾಸದಲ್ಲೇ ಮೊದಲು.

ಹೊರಗೆ ಇಷ್ಟೆಲ್ಲ ರಂಪ ನಡೆಯುವಾಗ ಶ್ವೇತಭವನದ ಮಹಡಿಯ ಮೇಲೆ ಒಬ್ಬ ಹೆಂಗಸು ಹಾಸಿಗೆ ಹಿಡಿದಿದ್ದಳು. ಲೆಟಿಷಿಯಾ ಕ್ರಿಶ್ಚಿಯನ್. ಟೈಲರ್ ಅವಳನ್ನು ಮದುವೆಯಾದದ್ದು 1813ರಲ್ಲಿ, ತನ್ನ 23ನೇ ಹುಟ್ಟುಹಬ್ಬದ ದಿನ. ಎಂಟು ಮಕ್ಕಳು, ಒಂದು ಕೂಸಾಗಿದ್ದಾಗಲೇ ಹೋಯಿತು. ಗಂಡ ರಾಜಧಾನಿ ಸುತ್ತುತ್ತಿದ್ದ ವರ್ಷಗಳಲ್ಲಿ ಮನೆ ಮಕ್ಕಳನ್ನು ನೋಡಿಕೊಂಡವಳು ಅವಳು. 1839ರಲ್ಲಿ ಲಕ್ವ ಹೊಡೆದು ಓಡಾಟ ನಿಂತಿತು. ಶ್ವೇತಭವನದ ಔತಣಗಳ ಹೊಣೆ ಬಿದ್ದದ್ದು ಹಿರಿಯ ಸೊಸೆ ಪ್ರಿಸಿಲ್ಲಾಳ ಮೇಲೆ. ಆಕೆ ಮೊದಲು ಅಪ್ಪನ ಜೊತೆ ರಂಗದ ಮೇಲೆ ನಟಿಸುತ್ತಿದ್ದವಳು, ಈ ಪಾತ್ರವನ್ನೂ ಚೆನ್ನಾಗೇ ನಿಭಾಯಿಸಿದಳು. ಅತ್ತೆ ಕೆಳಗೆ ಬಂದದ್ದು ಒಂದೇ ಸಲ, 1842ರ ಜನವರಿಯಲ್ಲಿ ಮಗಳು ಎಲಿಜಬೆತ್‌ಳ ಮದುವೆಗೆ. ಅದೇ ಸೆಪ್ಟೆಂಬರ್ 10ಕ್ಕೆ ತೀರಿಕೊಂಡಳು. ಶ್ವೇತಭವನದಲ್ಲಿ ಪ್ರಾಣಬಿಟ್ಟ ಅಧ್ಯಕ್ಷರ ಹೆಂಡತಿಯರಲ್ಲಿ ಅವಳೇ ಮೊದಲನೆಯವಳು. ಅವಳ ಬಗ್ಗೆ ನಮಗೆ ಸಿಗುವುದು ಇಷ್ಟು ಕಡಿಮೆ ಅನ್ನುವುದೇ ನನಗೆ ಕಾಡುತ್ತದೆ. ಗಂಡನ ಒಂದೊಂದು ವೀಟೊಗೂ ಪುಟಗಟ್ಟಲೆ ದಾಖಲೆ ಇದೆ.

ವರ್ಷ ತಿರುಗುವ ಮೊದಲೇ ಟೈಲರ್ ಇನ್ನೊಬ್ಬಳಿಗೆ ಮನಸೋತಿದ್ದ. ಜೂಲಿಯಾ ಗಾರ್ಡಿನರ್, ನ್ಯೂಯಾರ್ಕಿನ ಸಿರಿವಂತ ಮನೆಯ ಹುಡುಗಿ, ಹುಟ್ಟಿದ್ದು 1820ರಲ್ಲಿ. ಅಂದರೆ ಟೈಲರ್‌ನ ಹಿರಿಮಗಳು ಮೇರಿಗಿಂತ ಐದು ವರ್ಷ ಚಿಕ್ಕವಳು. 1843ರ ಫೆಬ್ರವರಿಯಲ್ಲಿ ಒಂದು ನೃತ್ಯಕೂಟದಲ್ಲಿ ಮದುವೆಯಾಗುತ್ತೀಯಾ ಎಂದು ಕೇಳಿದ. ಬೇಡ, ಬೇಡ, ಬೇಡ ಎಂದು ತಲೆ ಕೊಡವಿದಾಗ ಟೋಪಿಯ ಕುಚ್ಚು ಅಧ್ಯಕ್ಷರ ಮುಖಕ್ಕೇ ಬಡಿಯಿತು ಎಂದು ಅವಳೇ ಆಮೇಲೆ ನೆನಪಿಸಿಕೊಂಡಿದ್ದಾಳೆ.

1844ರ ಫೆಬ್ರವರಿ 28ರಂದು ಪ್ರಿನ್ಸ್‌ಟನ್ ಎಂಬ ಹೊಸ ಯುದ್ಧಹಡಗಿನಲ್ಲಿ ದೊಡ್ಡವರನ್ನೆಲ್ಲ ಪೊಟೊಮ್ಯಾಕ್ ನದಿಯ ಮೇಲೆ ವಿಹಾರಕ್ಕೆ ಕರೆದೊಯ್ದರು. ಹಡಗಿನಲ್ಲೊಂದು ಭಾರಿ ಫಿರಂಗಿ, ಹೆಸರು 'ಶಾಂತಿಕಾರಕ'. ಎರಡು ಮೂರು ಸಲ ಹಾರಿಸಿ ತೋರಿಸಿದರು, ಜನ ಚಪ್ಪಾಳೆ ತಟ್ಟಿದರು. ಮತ್ತೊಮ್ಮೆ ಹಾರಿಸಿದಾಗ ಫಿರಂಗಿಯೇ ಸಿಡಿಯಿತು. ವಿದೇಶಾಂಗ ಕಾರ್ಯದರ್ಶಿ ಆಬೆಲ್ ಅಪ್‌ಷರ್, ನೌಕಾಖಾತೆಯ ಥಾಮಸ್ ಗಿಲ್ಮರ್, ಜೂಲಿಯಾಳ ಅಪ್ಪ ಡೇವಿಡ್ ಗಾರ್ಡಿನರ್ ಸೇರಿ ಆರು ಮಂದಿ ಸತ್ತರು. ಟೈಲರ್ ಆ ಗಳಿಗೆಯಲ್ಲಿ ಕೆಳಗಿನ ಅಂತಸ್ತಿನಲ್ಲಿದ್ದ, ಬದುಕಿದ. ಆರನೆಯವನು ಆರ್ಮಿಸ್ಟೆಡ್, ಟೈಲರ್‌ನ ಸೇವೆಗಿದ್ದ ಗುಲಾಮ. ದೊಡ್ಡವರ ಶವಗಳಿಗೆ ಶ್ವೇತಭವನದಲ್ಲಿ ಗೌರವ ಸಂದಿತು. ಅವನದು ಆ ಸಾಲಿನಲ್ಲಿರಲಿಲ್ಲ.

ಅಪ್ಪ ಹೋದ ಮೇಲೆ ಟೈಲರ್ ಬಗ್ಗೆ ತನ್ನ ಮನಸ್ಸು ಬದಲಾಯಿತು ಎಂದಿದ್ದಾಳೆ ಜೂಲಿಯಾ. ಜೂನ್ 26ರಂದು ನ್ಯೂಯಾರ್ಕಿನ ಒಂದು ಚರ್ಚಿನಲ್ಲಿ ಸದ್ದಿಲ್ಲದೆ ಮದುವೆ ನಡೆಯಿತು. ಅವನಿಗೆ 54, ಅವಳಿಗೆ 24. ಅಧಿಕಾರದಲ್ಲಿದ್ದಾಗ ಮದುವೆಯಾದ ಮೊದಲ ಅಧ್ಯಕ್ಷ. ಹೆಣ್ಣುಮಕ್ಕಳಿಗೆ ಅವನು ಮೊದಲೇ ಹೇಳಿರಲಿಲ್ಲ. ಅಮ್ಮ ಹೋಗಿ ಎರಡು ವರ್ಷವೂ ಆಗಿಲ್ಲ, ಹೊಸ ಅಮ್ಮ ಹಿರಿಯಕ್ಕನಿಗಿಂತ ಚಿಕ್ಕವಳು. ಹೇಗಿರಬೇಡ! ಕೆಲವರು ನಿಧಾನವಾಗಿ ಒಗ್ಗಿಕೊಂಡರು. ಮಗಳು ಲೆಟಿಷಿಯಾ ಮಾತ್ರ ಕೊನೆಯವರೆಗೂ ಚಿಕ್ಕಮ್ಮನ ಜೊತೆ ರಾಜಿಯಾಗಲಿಲ್ಲ. ಹಟ ಅಪ್ಪನಿಂದಲೇ ಬಂದಿರಬೇಕು.

ಸಿಡಿದ ಫಿರಂಗಿ ರಾಜಕೀಯವನ್ನೂ ತಿರುಗಿಸಿತು. ಮೆಕ್ಸಿಕೊದಿಂದ ಬೇರೆಯಾಗಿದ್ದ ಟೆಕ್ಸಸ್ ಅನ್ನು ಅಮೆರಿಕಕ್ಕೆ ಸೇರಿಸಲು ಅಪ್‌ಷರ್ ಗುಟ್ಟಾಗಿ ಒಪ್ಪಂದ ಕುದುರಿಸುತ್ತಿದ್ದ. ಅವನ ಜಾಗಕ್ಕೆ ಬಂದ ಜಾನ್ ಕಾಲ್ಹೂನ್, ಇದು ಗುಲಾಮಗಿರಿಯನ್ನು ಕಾಪಾಡಲು ಎಂದು ಬಾಯಿಬಿಟ್ಟು ಬರೆದೇ ಬಿಟ್ಟ. ಉತ್ತರದವರು ಸಿಡಿದೆದ್ದರು. ಒಪ್ಪಂದಕ್ಕೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು. ಜೂನ್‌ನಲ್ಲಿ 35ಕ್ಕೆ 16ರಿಂದ ಬಿದ್ದುಹೋಯಿತು.

ಆಗ ಟೈಲರ್ ಮಾಡಿದ್ದು ನೋಡಿ. ಒಪ್ಪಂದ ಅಂದರೆ ತಾನೇ ಅಷ್ಟು ಮತ ಬೇಕು? ಅದನ್ನೇ ಎರಡೂ ಮನೆಗಳ ಜಂಟಿ ನಿರ್ಣಯ ಎಂದು ತಂದರೆ ಸಾದಾ ಬಹುಮತ ಸಾಕು. ನವೆಂಬರ್ ಚುನಾವಣೆಯಲ್ಲಿ ಟೆಕ್ಸಸ್ ಬೇಕು ಎಂದ ಜೇಮ್ಸ್ ಪೋಲ್ಕ್ ಗೆದ್ದು ಕ್ಲೇ ಸೋತದ್ದರಿಂದ ಜನರ ತೀರ್ಪು ಬಂದಾಯಿತು ಎಂದು ವಾದಿಸಿದ. ಸೆನೆಟ್‌ನಲ್ಲಿ 27ಕ್ಕೆ 25ರಿಂದ ಪಾಸಾಯಿತು. 1845ರ ಮಾರ್ಚ್ 1ರಂದು, ಅಧಿಕಾರ ಬಿಡಲು ಮೂರು ದಿನ ಇರುವಾಗ ಸಹಿ ಹಾಕಿದ. ಬ್ಯಾಂಕಿನ ವಿಷಯಕ್ಕೆ ಬಂದಾಗ ಸಂವಿಧಾನದ ಒಂದಕ್ಷರ ಆಚೀಚೆ ಆಗಬಾರದು ಎಂದವನು ಟೆಕ್ಸಸ್‌ನ ವಿಷಯಕ್ಕೆ ಹಿತ್ತಲ ಬಾಗಿಲು ಹುಡುಕಿದ. ಇದನ್ನು ನಾನು ಬೂಟಾಟಿಕೆ ಎಂದೇ ಕರೆಯುತ್ತೇನೆ. ಸಹಿ ಹಾಕಿದ ಚಿನ್ನದ ಪೆನ್ನನ್ನು ಹೆಂಡತಿಗೆ ಕೊಟ್ಟ, ಅವಳು ಅದನ್ನು ಕೊರಳಲ್ಲಿ ಹಾಕಿಕೊಂಡು ಓಡಾಡಿದಳು. ಮಾರನೇ ವರ್ಷ ಮೆಕ್ಸಿಕೊ ಜೊತೆ ಯುದ್ಧ ಶುರುವಾಯಿತು.

ಜೂಲಿಯಾ ಶ್ವೇತಭವನದಲ್ಲಿದ್ದದ್ದು ಎಂಟೇ ತಿಂಗಳು. ಅಷ್ಟರಲ್ಲೇ ಆಸ್ಥಾನದ ಠೀವಿ ತಂದಳು. ಅಧ್ಯಕ್ಷ ಬರುವಾಗ ನುಡಿಸುವ 'ಹೇಲ್ ಟು ದಿ ಚೀಫ್' ಸಂಗೀತ ಇದೆಯಲ್ಲ, ಗಂಡ ಬರುವಾಗ ಅದನ್ನು ನುಡಿಸುವಂತೆ ಏರ್ಪಾಡು ಮಾಡಿದವಳು ಅವಳು. ಫೆಬ್ರವರಿಯಲ್ಲಿ ಬೀಳ್ಕೊಡುಗೆಗೆ ಭರ್ಜರಿ ಔತಣ ಇಟ್ಟಳು, ಕರೆದದ್ದು 2000 ಜನರನ್ನು, ಬಂದದ್ದು 3000. ಇನ್ನು ನನ್ನನ್ನು ಪಾರ್ಟಿ ಇಲ್ಲದ ಅಧ್ಯಕ್ಷ ಎಂದು ಯಾರೂ ಅನ್ನುವಂತಿಲ್ಲ ಎಂದು ಟೈಲರ್ ನಕ್ಕ. ಕನ್ನಡದಲ್ಲೂ ಈ ಶ್ಲೇಷೆ ಹಾಗೇ ಕೂರುತ್ತದೆ.

ಅಲ್ಲಿಂದ ಹುಟ್ಟೂರ ಕಡೆ ಕೊಂಡಿದ್ದ ಜಮೀನಿಗೆ ಹೋದರು. ತಾನು ಪಕ್ಷದವರು ಹೊರಹಾಕಿದ ರಾಬಿನ್ ಹುಡ್ ಎಂದು ಅದಕ್ಕೆ ಷರ್‌ವುಡ್ ಫಾರೆಸ್ಟ್ ಎಂದು ಹೆಸರಿಟ್ಟ. ಮನೆಯ ಉದ್ದ 300 ಅಡಿ. ಬೇಕಾಗಿಯೂ ಇತ್ತು ಬಿಡಿ: 1846ರಿಂದ 1860ರೊಳಗೆ ಜೂಲಿಯಾಗೆ ಏಳು ಮಕ್ಕಳಾದವು. ಮೊದಲ ಹೆಂಡತಿಯ ಎಂಟು ಸೇರಿಸಿದರೆ ಹದಿನೈದು, ಅಮೆರಿಕದ ಯಾವ ಅಧ್ಯಕ್ಷನಿಗೂ ಇಷ್ಟು ಮಕ್ಕಳಿಲ್ಲ. ಹಿರಿಮಗಳು ಮೇರಿ ಹುಟ್ಟಿದ್ದು 1815, ಕೊನೆಯವಳು ಪರ್ಲ್ 1860. ನಡುವೆ 45 ವರ್ಷ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು, ಸುಮ್ನೆ ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. ಮಗ ಲಯನ್ ಹುಟ್ಟಿದಾಗ ಟೈಲರ್‌ಗೆ 63. ಈ ಲಯನ್ ಅಪ್ಪ ಓದಿದ ವಿಲಿಯಂ ಅಂಡ್ ಮೇರಿ ಕಾಲೇಜಿನ ಮುಖ್ಯಸ್ಥನಾಗಿ 31 ವರ್ಷ ಇದ್ದು, ಅವನೂ ವಯಸ್ಸಾದ ಮೇಲೆ ಎರಡನೇ ಮದುವೆಯಾದ. 1924ರಲ್ಲಿ ಒಬ್ಬ ಮಗ, 1928ರಲ್ಲಿ ಇನ್ನೊಬ್ಬ. ಆಗ ಲಯನ್‌ಗೆ 75. ಆ ಕಿರಿಯವನು, ಅಂದರೆ ಅಧ್ಯಕ್ಷನ ಸ್ವಂತ ಮೊಮ್ಮಗ, 96 ವರ್ಷ ಬದುಕಿ 2025ರ ಮೇ ತಿಂಗಳಲ್ಲಿ ತೀರಿಕೊಂಡ. ತಾತ ಹುಟ್ಟಿದಾಗ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷ. ತಾತ, ಮಗ, ಮೊಮ್ಮಗ, ಮೂರೇ ತಲೆ, 235 ವರ್ಷ.

ಗುಲಾಮಗಿರಿಯ ಜಗಳದಲ್ಲಿ ದಕ್ಷಿಣದ ರಾಜ್ಯಗಳು ಬೇರೆಯಾಗಿ 1861ರಲ್ಲಿ ದೇಶ ಒಡೆಯುವ ಹೊತ್ತಿಗೆ ಟೈಲರ್‌ಗೆ 70 ದಾಟುತ್ತಿತ್ತು. ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಶಾಂತಿ ಸಮ್ಮೇಳನ ನಡೆದಾಗ ಅಧ್ಯಕ್ಷತೆ ಅವನದೇ. ರಾಜಿ ಸೂತ್ರ ಹೊರಬಂತು, ಅವನಿಗೇ ಅದು ಹಿಡಿಸಲಿಲ್ಲ. ಏಪ್ರಿಲ್‌ನಲ್ಲಿ ವರ್ಜೀನಿಯಾ ಒಕ್ಕೂಟ ಬಿಡಬೇಕು ಎಂದು ಮತ ಹಾಕಿದ. ದಕ್ಷಿಣದ ಒಕ್ಕೂಟದ ಸಂಸತ್ತಿಗೆ ಆಯ್ಕೆಯಾಗಿ ರಿಚ್ಮಂಡ್‌ಗೆ ಬಂದವನು ಅಧಿವೇಶನ ಸೇರುವ ಮೊದಲೇ, 1862ರ ಜನವರಿ 18ರಂದು ಹೋಟೆಲಿನಲ್ಲಿ ಸತ್ತ. ಶವಪೆಟ್ಟಿಗೆಯ ಮೇಲೆ ಹೊದಿಸಿದ್ದು ದಕ್ಷಿಣದವರ ಬಾವುಟ. ತಾನು ಆಳಿದ ದೇಶದ ಬಾವುಟ ಅಲ್ಲ. ಲಿಂಕನ್ ಸರ್ಕಾರ ಶೋಕ ಸೂಚಿಸಲಿಲ್ಲ, ಸೂಚಿಸಬೇಕಿತ್ತು ಎಂದು ನನಗೂ ಅನ್ನಿಸುವುದಿಲ್ಲ.

ಉತ್ತರ ದಕ್ಷಿಣಗಳ ಯುದ್ಧದಲ್ಲಿ ಕುಟುಂಬದ ಸಂಪತ್ತು ಕರಗಿತು. ಜೂಲಿಯಾ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ನ್ಯೂಯಾರ್ಕಿನ ತವರಿಗೆ ಹೋದಳು, ಆಸ್ತಿಗಾಗಿ ಅಣ್ಣನ ಜೊತೆ ಕೋರ್ಟು ಹತ್ತಿದಳು, ಆಮೇಲೆ ಪಿಂಚಣಿ ಕೊಡಿ ಎಂದು ಗಂಡ ಬಿಟ್ಟುಬಂದ ಅದೇ ಸರ್ಕಾರವನ್ನು ಕೇಳಿದಳು. ಗಾರ್ಫೀಲ್ಡ್ ಹತ್ಯೆಯ ನಂತರ 1882ರಲ್ಲಿ ಅಧ್ಯಕ್ಷರ ವಿಧವೆಯರಿಗೆ ವರ್ಷಕ್ಕೆ 5000 ಡಾಲರ್ ಕೊಡುವ ಕಾನೂನು ಬಂತು. ಗಾರ್ಫೀಲ್ಡ್‌ನ ಹೆಂಡತಿ, ಪೋಲ್ಕ್‌ನ ಹೆಂಡತಿ, ಅವರ ಜೊತೆ ಜೂಲಿಯಾ ಟೈಲರ್. ಅಧ್ಯಕ್ಷನ ವಿಧವೆ ಎಂದೇ, ಹಂಗಾಮಿ ಅನ್ನುವ ಮಾತು ಯಾರೂ ಎತ್ತಲಿಲ್ಲ. ಏಳು ವರ್ಷ ಆ ಪಿಂಚಣಿ ತೆಗೆದುಕೊಂಡು 1889ರಲ್ಲಿ ಅವಳೂ ರಿಚ್ಮಂಡ್‌ನಲ್ಲೇ ತೀರಿಕೊಂಡಳು, ಗಂಡ ಸತ್ತಿದ್ದ ಅದೇ ಹೋಟೆಲಿನಲ್ಲಿ.